ಬೇರೆ ಧರ್ಮದವರು ಒಂದೇ ದಿನದಲ್ಲಿ ರಿಜಿಸ್ಟರ್ ಮದುವೆ ಆಗಬಹುದಾ?

ನೀವು ಹಿಂದೂ, ಹುಡುಗಿ ಮುಸ್ಲಿಂ, ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ. ಒಂದೇ ದಿನದಲ್ಲಿ ರಿಜಿಸ್ಟರ್ ಮದುವೆ ಮಾಡಿಸಿಕೊಡುತ್ತೇನೆ ಅಂತ ಏಜೆಂಟ್ ಹೇಳಿದ್ದಾನೆ, ನಂಬಬಹುದಾ ಎಂದು ಕೇಳಿದ್ದೀರಿ. ನಂಬಬೇಡಿ. ನಾನೂ ನನ್ನ ಹೆಂಡತಿಯೂ ಬೇರೆ ಬೇರೆ ಧರ್ಮದವರೇ, ಬೆಂಗಳೂರಿನಲ್ಲೇ ಮದುವೆಯಾದೆವು.

ಇಬ್ಬರೂ ಅವರವರ ಧರ್ಮದಲ್ಲೇ ಇದ್ದು ಮದುವೆಯಾಗಲು ನಿಮಗಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಲೇಬೇಕು. ಒಂದೇ ದಿನ ಅನ್ನುವವರು ಸಾಮಾನ್ಯವಾಗಿ ಒಬ್ಬರಿಂದ ಮತಾಂತರದ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಒಂದು ತಿಂಗಳು ಉಳಿಸಲು ಯಾರೂ ಧರ್ಮ ಬದಲಿಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನೋಟಿಸ್ ಕೊಡುವ ಜಿಲ್ಲೆಯಲ್ಲಿ ನಿಮ್ಮಲ್ಲಿ ಒಬ್ಬರಾದರೂ ಅದಕ್ಕೆ ಮುಂಚೆ ಕನಿಷ್ಠ 30 ದಿನ ವಾಸವಾಗಿರಬೇಕು. ಪಿ.ಜಿ.ಯಲ್ಲಿರುವವರು ಪರದಾಡುವುದು ಇಲ್ಲೇ. ಬಾಡಿಗೆ ಕರಾರು ಇಲ್ಲದಿದ್ದರೆ ಬೇರೆ ಯಾವ ವಿಳಾಸದ ದಾಖಲೆ ನಡೆಯುತ್ತದೆ ಎಂದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ ಮೊದಲು ಕೇಳಿಕೊಳ್ಳಿ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಟ್ಟುಕೊಳ್ಳಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಮೊದಲೇ ಮದುವೆಯಾಗಿ ವಿಚ್ಛೇದನ ಆಗಿದ್ದರೆ ಕೋರ್ಟಿನ ಡಿಕ್ರಿ ಬೇಕು.

ಇನ್ನೊಂದು ವಿಷಯವನ್ನು ಏಜೆಂಟರು ಬಾಯಿ ಬಿಟ್ಟು ಹೇಳೋದಿಲ್ಲ. ನೋಟಿಸನ್ನು ಆಫೀಸಿನ ಗೋಡೆಗೆ ಹಚ್ಚುತ್ತಾರೆ. ಅಷ್ಟೇ ಅಲ್ಲ, ನಿಮ್ಮಲ್ಲಿ ಯಾರದಾದರೂ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ಆಫೀಸಿಗೂ ಪ್ರತಿ ಹೋಗುತ್ತದೆ, ಅಲ್ಲೂ ಹಚ್ಚುತ್ತಾರೆ. ಅಂದರೆ ಹಾಸನವೋ ಬೀದರೋ, ಊರಿನವರ ಕಣ್ಣಿಗೆ ಬೀಳಬಹುದು. ಪ್ರೀತಿಸಿದವರನ್ನು ಹೀಗೆ ಬೋರ್ಡಿಗೆ ಹಾಕುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ. ಆದರೆ ಕಾಯ್ದೆ ಇರುವುದು ಹಾಗೆ. ಅದಕ್ಕೇ ನಾವು ನೋಟಿಸ್ ಕೊಡುವ ಮುಂಚೆಯೇ ಎರಡೂ ಮನೆಗೆ ಹೇಳಿದೆವು. ಹೇಳಿದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಬೇಡಿ, ಮೊದಲು ವಕೀಲರನ್ನು ಕಾಣಿ.

ತಕರಾರು ಬಂದರೆ ಗಾಬರಿ ಬೇಡ. "ನಮಗೆ ಇಷ್ಟವಿಲ್ಲ" ಅನ್ನುವುದು ತಕರಾರೇ ಅಲ್ಲ. ವಯಸ್ಸು ಸಾಲದು, ಈಗಾಗಲೇ ಗಂಡ ಅಥವಾ ಹೆಂಡತಿ ಇದ್ದಾರೆ, ಮಾನಸಿಕ ಸ್ಥಿತಿ ಸರಿಯಿಲ್ಲ, ಮದುವೆಯಾಗಬಾರದ ಹತ್ತಿರದ ಸಂಬಂಧ, ಇಂಥ ಕಾರಣಗಳು ಮಾತ್ರ ನಡೆಯುತ್ತವೆ. 30 ದಿನದೊಳಗೆ ಅಧಿಕಾರಿ ತೀರ್ಮಾನ ಹೇಳಬೇಕು. ತಕರಾರನ್ನು ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ.

ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು, ಇಲ್ಲದಿದ್ದರೆ ಮತ್ತೆ ಹೊಸ ನೋಟಿಸ್. ಆ ದಿನ ಮೂರು ಜನ ಸಾಕ್ಷಿಗಳು ಬೇಕು. ಸ್ನೇಹಿತರಾದರೂ ಸಾಕು.

ಆಸ್ತಿ ಬಗ್ಗೆಯೂ ಕೇಳಿದ್ದೀರಿ ಅಲ್ವಾ? ಈ ಮದುವೆಯಿಂದ ನೀವು ಹಿಂದೂ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಕಾನೂನು ಲೆಕ್ಕ ಹಿಡಿಯುತ್ತದೆ. ಹಾಗಂತ ನಿಮ್ಮ ಪಾಲು ಹೋಗುವುದಿಲ್ಲ. ಮುಂದೆ ನಿಮ್ಮಿಬ್ಬರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುತ್ತದೆ. ಪಿತ್ರಾರ್ಜಿತ ಜಮೀನಿದ್ದರೆ ಇದೊಂದನ್ನು ವಕೀಲರ ಹತ್ತಿರ ಕೂತು ಮಾತಾಡಿಕೊಳ್ಳಿ.