ಬ್ಯಾಟ್ ಮೇಲಿನ ಸಹಿ ಅಸಲಿಯೋ ನಕಲಿಯೋ?

ಪ್ರಶ್ನೆ: ತೀರಿಕೊಂಡ ನಮ್ಮ ಮಾವನ ಪೆಟ್ಟಿಗೆಯಲ್ಲಿ ಇಡೀ ತಂಡದ ಸಹಿ ಇರುವ ಹಳೇ ಕ್ರಿಕೆಟ್ ಬ್ಯಾಟ್ ಸಿಕ್ಕಿದೆ. ಸರ್ಟಿಫಿಕೇಟೂ ಇದೆ. ಇದನ್ನು ನಂಬಬಹುದಾ? ಬೆಲೆ ಹೇಗೆ ಕಟ್ಟೋದು?

ಉತ್ತರ: ಸರ್ಟಿಫಿಕೇಟ್ ನೋಡಿ ಸುಮ್ನೆ ಖುಷಿಪಡಬೇಡಿ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಅಂತ ತನಿಖೆ ಮಾಡಿತ್ತು. ಆಗ ಸಿಕ್ಕಿಬಿದ್ದವರು ಕಳ್ಳ ಸಹಿಯ ಜೊತೆ ಕಳ್ಳ ಸರ್ಟಿಫಿಕೇಟನ್ನೂ ಕೊಡುತ್ತಿದ್ದರು. ಕಾಗದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅಲ್ವಾ?

ಒಂದು ಭೂತಗನ್ನಡಿ ಹಿಡಿದು ನೋಡಿ. ಕೈಯಲ್ಲಿ ಹಾಕಿದ ಸಹಿಯ ಶಾಯಿ ಒಂದೇ ಸಮ ಇರುವುದಿಲ್ಲ, ಗೆರೆಯ ಮೇಲೆ ಗೆರೆ ಹಾಯುವ ಕಡೆ ಗಾಢವಾಗಿ, ಪೆನ್ ಎತ್ತುವ ತುದಿಯಲ್ಲಿ ತೆಳುವಾಗಿ ಕಾಣುತ್ತದೆ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಅಚ್ಚು. ಗೆರೆ ನಡುಗುತ್ತಾ ನಿಧಾನವಾಗಿ ಸಾಗಿದ್ದರೆ ಯಾರೋ ನೋಡಿಕೊಂಡು ಬರೆದಿರಬಹುದು. ಹನ್ನೊಂದೂ ಸಹಿಗೆ ಒಂದೇ ಓಟ, ಒಂದೇ ಒತ್ತು ಇದ್ದರಂತೂ ಮುಗಿಯಿತು! ಪೆನ್ನಿನ ಕಾಲವನ್ನೂ ನೋಡಿ. ಬೇಸ್‌ಬಾಲ್ ಆಟಗಾರ ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ, ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಶಾರ್ಪಿಯಲ್ಲಿ ಹಾಕಿದ ಅವರ ಸಹಿ ಅಂದರೆ ನಗು ಬರುತ್ತದೆ.

ಬೆಲೆಗೆ ಬಂದರೆ, ಮಾರುವವರು ಹೇಳುವ ರೇಟು ಬಿಡಿ, ಹರಾಜಿನಲ್ಲಿ ಅಂಥದ್ದೇ ಬ್ಯಾಟ್ ನಿಜಕ್ಕೂ ಎಷ್ಟಕ್ಕೆ ಹೋಗಿದೆ ನೋಡಿ. ಮಾವ ಸಹಿ ಹಾಕಿಸಿಕೊಳ್ಳುವಾಗಿನ ಫೋಟೋ, ಪತ್ರ ಏನಾದರೂ ಇದ್ದರೆ ಜಾಸ್ತಿ ಬರುತ್ತದೆ. ಮಸುಕಾದ ಸಹಿಯ ಮೇಲೆ ಮತ್ತೆ ತಿದ್ದಲು ಮಾತ್ರ ಹೋಗಬೇಡಿ, ಬಿಸಿಲಿಗೂ ಇಡಬೇಡಿ.