ಕುಣಿಯುವಾಗಲೇ ಬರೆಯುತ್ತಿದ್ದ ಮನಸ್ಸು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮನಸ್ಸಿನ ತೊಂದರೆ ಹೇಳಿಕೊಂಡು ನನ್ನ ಬಳಿ ಬಂದಿದ್ದ ಆಕೆ ಪ್ರದರ್ಶನ ಕಲೆಗಳ ಅಧ್ಯಯನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಉಡುಪಿಯಲ್ಲಿ ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಕಲಿಯುತ್ತ, ಅದರ ಮೇಲೆಯೇ ಪ್ರಬಂಧ ಬರೆಯುತ್ತಿದ್ದಳು. "ಎರಡು ಕಡೆಯೂ ಬೈಗುಳವೇ ಮೇಡಂ" ಎಂದಳು. ಇದರಲ್ಲಿ ಸಿದ್ಧಾಂತ ಎಲ್ಲಿದೆ ಎಂದು ಮಾರ್ಗದರ್ಶಕರು ಕೇಳುತ್ತಾರೆ. ಗುರುಗಳದ್ದು ಬೇರೆ ಮಾತು: "ಕಾಲು ನೋಡುವುದು ಬಿಡು ಮಾರಾಯ್ತಿ, ಮದ್ದಳೆ ಕೇಳು." ಮೊದಲು ಸಲೀಸಾಗಿ ಬರುತ್ತಿದ್ದ ಏರುಪದಕ್ಕೂ (ವೇಗದ ಹಾಡಿಗೂ) ಈಗ ಹೆಜ್ಜೆ ತಪ್ಪುತ್ತಿತ್ತು. ನಿದ್ದೆ ಕೆಟ್ಟಿತ್ತು, ಕೋರ್ಸ್ ಬಿಡುವ ಯೋಚನೆಯೂ ಬಂದಿತ್ತು.

ಊಟ, ಆಸಕ್ತಿ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕುಣಿಯುವಾಗ ತಲೆಯಲ್ಲಿ ಏನು ಓಡುತ್ತದೆ ಎಂದು ಕೇಳಿದೆ. "ಇದನ್ನು ಹೇಗೆ ಬರೆಯುವುದು ಅಂತ" ಎಂದಳು.

ತೊಂದರೆ ಅಲ್ಲಿಯೇ ಇತ್ತು. ಮೈಗೂಡಿದ ಚಲನೆಯನ್ನು ಒತ್ತಡದ ನಡುವೆ ಬಿಡಿಬಿಡಿಯಾಗಿ ಗಮನಿಸಹೊರಟರೆ ಅದು ಮುಗ್ಗರಿಸುತ್ತದೆ. ಆಟಗಾರರಲ್ಲೂ ಸಂಗೀತಗಾರರಲ್ಲೂ ಇದು ಕಾಣುತ್ತದೆ. ಈಕೆಯ ಸಾಮರ್ಥ್ಯದಲ್ಲಿ ಕೊರತೆ ಇರಲಿಲ್ಲ. ಎರಡು ಕೆಲಸಗಳನ್ನು ಒಂದೇ ಗಳಿಗೆಗೆ ಹೊರಿಸಿದ್ದಳು, ಅಷ್ಟೆ.

ತರಗತಿಗೆ ಪುಸ್ತಕ ಒಯ್ಯಬೇಡಿ ಎಂದೆ. ಮುಗಿದ ಕೂಡಲೇ ಒಂದು ಕಡೆ ಕೂತು, ಮೈಗೆ ಏನನ್ನಿಸಿತು, ಗುರುಗಳು ಎಲ್ಲಿ ತಿದ್ದಿದರು ಎಂಬುದನ್ನು ಮನೆಯ ಮಾತಿನಲ್ಲೇ ಫೋನಿಗೆ ಹೇಳಿಕೊಳ್ಳಲಿ. ಪಾರಿಭಾಷಿಕ ಪದ ಒಂದೂ ಬೇಡ. ಓದು, ಬರಹ ಮರುದಿನಕ್ಕೆ. ಗುರುಗಳ ಮಾತು ಪ್ರಬಂಧಕ್ಕೆ ಬರುವುದಾದರೆ ಮುಂಚೆಯೇ ಅವರ ಒಪ್ಪಿಗೆ ಕೇಳಬೇಕು. ಇದನ್ನು ಒತ್ತಿ ಹೇಳಿದೆ.

ಅವಳಿಗೆ ಹೆಚ್ಚು ಬಲ ಕೊಟ್ಟದ್ದು ಎರಡನೇ ಭೇಟಿ. ಪ್ರದರ್ಶನ ಎಂದರೆ ಹಿಂದೆ ಆಚರಿಸಿದ್ದನ್ನೇ ಮತ್ತೆ ಆಚರಿಸುವುದು ಎಂಬ, ಪ್ರದರ್ಶನ ಅಧ್ಯಯನದ ಚಿಂತಕ ರಿಚರ್ಡ್ ಶೆಕ್ನರ್ ಅವರ ವಿಚಾರವನ್ನು ಅವಳು ವಿವರಿಸಿದಳು. ನಿಮ್ಮ ಗುರುಗಳ ತರಗತಿ ಅದಕ್ಕೆ ಪೂರ್ತಿ ಒಪ್ಪುತ್ತದೆಯೇ ಎಂದೆ. ಅವಳ ಮುಖ ಅರಳಿತು. ಭಾಗವತರು ಹಾಡುವ ಪದವೇನೋ ಪ್ರಸಂಗದಲ್ಲಿ, ಅಂದರೆ ಆಟದ ಪದ್ಯರೂಪದ ಕೃತಿಯಲ್ಲಿ, ಬರೆದಿಟ್ಟದ್ದು. ಆ ಪದವನ್ನು ಹಿಡಿದು ವೇಷಧಾರಿ ಆಡುವ ಮಾತು, ಅಂದರೆ ಅರ್ಥ, ಮಾತ್ರ ಆ ರಾತ್ರಿಯದು. ಎದುರು ವೇಷ ಎಸೆದ ಪ್ರಶ್ನೆಗೆ ಉತ್ತರ ರಂಗದಲ್ಲೇ ಹುಟ್ಟಬೇಕು ಎಂದಳು. ಹಾಗಾದರೆ ಇಲ್ಲಿ ಮರುಕಳಿಸುವುದು ಯಾವುದು, ಹೊಸದಾಗುವುದು ಯಾವುದು? ನಿಮ್ಮ ಅಧ್ಯಾಯ ಇದೇ ಅಲ್ಲವೇ ಎಂದೆ. ಅಲ್ಲಿಯವರೆಗೆ ಅವಳು ಸಿದ್ಧಾಂತಕ್ಕೆ ಉದಾಹರಣೆ ಹುಡುಕುತ್ತಿದ್ದಳೇ ಹೊರತು, ಕಲಿಕೆಯಿಂದ ಸಿದ್ಧಾಂತವನ್ನು ಪ್ರಶ್ನಿಸಿರಲಿಲ್ಲ.

ರಂಗಕ್ಕೂ ಬರಹಕ್ಕೂ ಒಬ್ಬರೇ ಕೈಹಾಕುವುದು ಈ ನೆಲದಲ್ಲಿ ಹೊಸತೂ ಅಲ್ಲ. ಯಕ್ಷಗಾನದ ಸಂಶೋಧನಾ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ರಂಗದಲ್ಲೂ ಪ್ರಯೋಗ ನಡೆಸಿದವರೇ. ಅವಳಿಗೆ ಅದನ್ನೂ ನೆನಪಿಸಿದೆ.

ಸ್ವಂತ ಕಲಿಕೆಯ ಅನುಭವವನ್ನು ಪ್ರಬಂಧದಲ್ಲಿ ಆಧಾರವಾಗಿ ಬಳಸಬಹುದೇ, ಮೌಲ್ಯಮಾಪನ ಹೇಗೆ ಎಂದು ಮಾರ್ಗದರ್ಶಕರನ್ನು ಬರಹದಲ್ಲಿ ಕೇಳಲು ಸೂಚಿಸಿದೆ. ಅವರು ಒಪ್ಪಿದ್ದಾರೆ, ಆದರೆ ವಿಧಾನವನ್ನು ಸ್ಪಷ್ಟವಾಗಿ ಬರೆಯಬೇಕೆಂಬ ಷರತ್ತಿನ ಮೇಲೆ. ಅದು ನ್ಯಾಯವಾದ ಷರತ್ತು. ನಿದ್ದೆ ಸುಧಾರಿಸಿದೆ. ಸಭೆಯ ಎದುರು ಅರ್ಥ ಹೇಳುವ ಅಂಜಿಕೆ ಉಳಿದಿದೆ. ಮುಂದಿನ ಭೇಟಿಗಳಲ್ಲಿ ಅದನ್ನೇ ತೆಗೆದುಕೊಳ್ಳುತ್ತೇವೆ.