ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದ ಮೇಲೆ ಕೈ ನಡುಗುತ್ತಿದೆ. ಪಾರ್ಕಿನ್ಸನ್ ಬರುವ ಭಯ, ಮಾತ್ರೆ ನಿಲ್ಲಿಸಿಬಿಡಲೇ?

ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ, ಅದೂ ಯಾರಿಗೂ ಹೇಳದೆ.

ಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ 20 ಮಿಲಿಗ್ರಾಂನಿಂದ ನನ್ನ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 164ರಿಂದ 93ಕ್ಕೆ ಇಳಿದಿತ್ತು. ಎರಡೂ ಕೈ ಸಣ್ಣಗೆ ನಡುಗತೊಡಗಿದಾಗ ಸ್ಟಾಟಿನ್ ಮೇಲೆ ಅನುಮಾನಪಟ್ಟು ಬಿಟ್ಟೆ. ಆರು ವಾರದ ನಂತರದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಮತ್ತೆ 160 ದಾಟಿತ್ತು. ಆಗಲೂ ವೈದ್ಯರಿಗೆ ಹೇಳಲಿಲ್ಲ. ಮಾತ್ರೆ ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಇದೇ. 20 ಮಿಲಿಗ್ರಾಂ ನುಂಗುತ್ತಿದ್ದರೂ ಇಳಿಯುತ್ತಿಲ್ಲ ಎಂದು ತಿಳಿದು ಅವರು 40 ಬರೆದರು. ಡೋಸ್ ದುಪ್ಪಟ್ಟಾದರೆ ಎಲ್‌ಡಿಎಲ್ ಇನ್ನಷ್ಟು ಇಳಿಯುವುದು ಸುಮಾರು ಶೇ 6 ಮಾತ್ರ. ಸ್ನಾಯು, ಲಿವರ್ ತೊಂದರೆಯ ಸಾಧ್ಯತೆ ಮಾತ್ರ ಏರುತ್ತದೆ. ನಡುಕದ ಕಾರಣ ಸಿಕ್ಕಿತೆಂದು ನಂಬಿದ್ದರಿಂದ ಅದನ್ನೂ ಹೇಳಲಿಲ್ಲ. ಹಾಗಾಗಿ ತಲೆಸುತ್ತಿಗೆಂದು ಬೇರೊಬ್ಬ ವೈದ್ಯರು ಬರೆದಿದ್ದ ಸಿನ್ನಾರಿಜಿನ್ ಅನ್ನು ಯಾರೂ ಗಮನಿಸಲಿಲ್ಲ. ತಿಂಗಳುಗಟ್ಟಲೆ ಅದನ್ನು ನುಂಗುತ್ತಲೇ ಇದ್ದೆ.

ನೀವು ಕೂಡ ತಪ್ಪು ಮಾತ್ರೆಯನ್ನು ಹಿಡಿದು ಕೂತಿದ್ದೀರಿ ಎಂಬುದು ನನ್ನ ಅನುಮಾನ. ಸಿನ್ನಾರಿಜಿನ್, ಫ್ಲೂನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಹೊಟ್ಟೆಯುಬ್ಬರಕ್ಕೆ ಗ್ಯಾಸ್ ಮಾತ್ರೆಯ ಜೊತೆಗೇ ಸೇರಿ ಬರುವ ಲೆವೊಸಲ್ಪಿರೈಡ್: ಇವೆಲ್ಲ ಮೆದುಳಿನಲ್ಲಿ ಚಲನೆಯನ್ನು ಹಿಡಿತದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತವೆ. ಪಾರ್ಕಿನ್ಸನ್‌ನಂತೆಯೇ ನಡುಕ, ಬಿಗಿತ, ನಿಧಾನಗತಿ ತರುತ್ತವೆ. ಔಷಧದಿಂದ ಬಂದದ್ದು ಹೆಚ್ಚಾಗಿ ಎರಡೂ ಕಡೆ ಒಟ್ಟಿಗೇ ಕಾಣುತ್ತದೆ. ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಶುರುವಾಗುತ್ತದೆ. ವೈದ್ಯರು ಆ ಮಾತ್ರೆ ತೆಗೆಸಿದ ಮೇಲೂ ನಡುಕ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನನಗೆ ಮೂರು ತಿಂಗಳು ಹಿಡಿಯಿತು. ಇಳಿಯದಿದ್ದರೆ ಒಳಗೇ ಇದ್ದ ಪಾರ್ಕಿನ್ಸನ್ ಈಗ ಹೊರಬಿದ್ದಿರಬಹುದು, ನರರೋಗ ತಜ್ಞರು ನೋಡಲೇಬೇಕು.

ಸ್ಟಾಟಿನ್ ವಿಷಯಕ್ಕೆ ಬಂದರೆ, ಅದನ್ನು ನುಂಗುವವರಲ್ಲಿ ಪಾರ್ಕಿನ್ಸನ್ ಅಪಾಯ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. 2017ರಲ್ಲಿ ಪ್ರಕಟವಾದ, ಅಮೆರಿಕದ ವಿಮಾ ದಾಖಲೆಗಳ ಅಧ್ಯಯನ ಹೆಚ್ಚು ಎಂದಿತು, ಅದೂ ಮುಖ್ಯವಾಗಿ ಮಾತ್ರೆ ಶುರುವಾದ ಆರಂಭದ ಕಾಲದಲ್ಲಿ. ಪಾರ್ಕಿನ್ಸನ್ ಲಕ್ಷಣ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ನರಕೋಶಗಳು ಸಾಯತೊಡಗಿರುತ್ತವೆ. ಹೊಸದಾಗಿ ಶುರುವಾದ ಮಾತ್ರೆ ಅದನ್ನು ಹುಟ್ಟುಹಾಕಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಸ್ಟಾಟಿನ್ ಪಾರ್ಕಿನ್ಸನ್ ತಡೆಯುತ್ತದೆ ಎಂಬ ಆಸೆಯೂ ಬೇಡ: ಬ್ರಿಟನ್ನಿನಲ್ಲಿ 235 ಪಾರ್ಕಿನ್ಸನ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಿಮ್ವಾಸ್ಟಾಟಿನ್ ಎಂಬ ಸ್ಟಾಟಿನ್ ಅನ್ನು 80 ಮಿಲಿಗ್ರಾಂವರೆಗೆ ಕೊಟ್ಟು ಎರಡು ವರ್ಷ ಪರೀಕ್ಷಿಸಿದರು, ರೋಗ ನಿಧಾನವಾಗಲಿಲ್ಲ. ಎಲ್‌ಡಿಎಲ್ ಸುಮಾರು 39 ಅಂಕ (ಮಿಗ್ರಾಂ/ಡೆಸಿಲೀಟರ್) ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಐದನೇ ಒಂದು ಭಾಗದಷ್ಟು ತಗ್ಗುತ್ತದೆ ಎಂಬುದು ಮಾತ್ರ ಮತ್ತೆ ಮತ್ತೆ ಸಾಬೀತಾಗಿದೆ. ಮಾತ್ರೆ ಬಿಟ್ಟರೆ ಕಳೆದುಕೊಳ್ಳುವುದು ಅದನ್ನೇ.

ಸ್ಟಾಟಿನ್ ಕೊಡುವ ಮಾಮೂಲಿ ತೊಂದರೆ ತೊಡೆ, ಭುಜಗಳ ನೋವು, ನಡುಕವಲ್ಲ. ನೋವಿದ್ದರೆ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಿಸಿ, ಡೋಸ್ ಇಳಿಸಬಹುದೇ, ಬೇರೆ ಸ್ಟಾಟಿನ್ ಆಗಬಹುದೇ ಎಂದು ಕೇಳಿ.

ಇವತ್ತೇ ಕೈಗಳನ್ನು ತೊಡೆಯ ಮೇಲಿಟ್ಟು ಸಡಿಲ ಬಿಟ್ಟು, 100ರಿಂದ ಏಳೇಳು ಕಳೆಯುತ್ತ ಬನ್ನಿ; ನಡುಕ ಆಗ ಕಾಣುತ್ತದೆಯೇ, ಲೋಟ ಎತ್ತುವಾಗ ಕಾಣುತ್ತದೆಯೇ, ಯಾವ ಕೈ ಎಂದು ಮನೆಯವರು ಬರೆದುಕೊಳ್ಳಲಿ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಇದ್ದರೆ ಅದನ್ನೂ ಸೇರಿಸಿ. ಕಳೆದ ಆರು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನಡುವೆ ಯಾವುದನ್ನು, ಎಷ್ಟು ದಿನ ಬಿಟ್ಟಿದ್ದಿರಿ ಎಂಬುದನ್ನೂ ಮರೆಮಾಚದೆ ಹೇಳಿ.